ಮೀನಿಲ್ಲದ ತೊಟ್ಟಿಯ ಗುಳುಗುಳು

ಮೀನು ಸಾಕುವವನನ್ನು ಹೊಸಪೇಟೆ ಸಹಿಸಿಕೊಳ್ಳುತ್ತದೆ. ತುಂಗಭದ್ರೆಯ ಮಗ್ಗುಲಿಗೇ ಇರುವ ಊರು. ಮೀನು ಹಿಡಿಯುವವರು, ಮಾರುವವರು, ಹುರಿದು ತಿನ್ನುವವರು, ಕಾಲುವೆ ದಂಡೆಯ ಮೇಲೆ ಗಾಳ ಹಾಕಿಕೊಂಡು ಸುಮ್ಮನೆ ಕೂರುವವರು, ಎಲ್ಲರಿಗೂ ಇಲ್ಲಿ ಜಾಗವಿದೆ. ಅವರ ನಡುವೆ ಗಾಜಿನ ತೊಟ್ಟಿಯಲ್ಲಿ ನಾಲ್ಕು ಮೀನು ಬಿಟ್ಟುಕೊಂಡು ನೋಡುತ್ತ ಕೂರುವವನೂ ಒಬ್ಬ ಇರಲಿ ಬಿಡು ಅನ್ನುವ ಔದಾರ್ಯ ಊರಿಗಿದೆ. ಆದರೆ ಮೀನೇ ಇಲ್ಲದ ತೊಟ್ಟಿಗೆ ನೀರು ತುಂಬಿಸಿ, ಒಳಗೊಂದು ಸ್ಪಂಜು ಇಳಿಬಿಟ್ಟು, ಹಗಲೂ ರಾತ್ರಿ ಗುಳ್ಳೆ ಎಬ್ಬಿಸುತ್ತ, ನಡುನಡುವೆ ಎದ್ದು ಹೋಗಿ ಅದನ್ನು ಮೂಸಿ ಬರುವವನನ್ನು ಕಂಡರೆ ಊರು ಸುಮ್ಮನಿರುವುದಿಲ್ಲ. ಮೊದಲು ವಿಚಾರಿಸುತ್ತದೆ, ಆಮೇಲೆ ಮರುಗುತ್ತದೆ.

"ಮೀನು ಎಲ್ರೀ?" ಎಂದು ಕೇಳಿದರು ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್.

"ಇನ್ನೂ ಬಂದಿಲ್ಲ."

"ಮತ್ತ ಇದು ಯಾರಿಗೆ?"

"ಬರೋ ಮೀನಿಗೆ."

"ಬಂದಮ್ಯಾಲೆ ಹಚ್ಚಿದ್ರ ಆಗಂಗಿಲ್ಲೇನು?"

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಚಹಾ ಎರಡು ಸುತ್ತು ಮುಗಿದಿತ್ತು.

ಬಣ್ಣದ ಮೀನು ನಮ್ಮೂರಿಗೆ ಸುಮ್ಮನೆ ಬರುವುದಿಲ್ಲ. ಚೆನ್ನೈನ ಕೊಳತ್ತೂರು ಎಂಬ ಬಡಾವಣೆ ಈ ವ್ಯಾಪಾರಕ್ಕೇ ಹೆಸರಾದದ್ದು. ಅಲ್ಲಿಂದ ಬೆಂಗಳೂರು, ಅಲ್ಲಿಂದ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ರಾತ್ರಿ ಬಸ್ಸು, ಬೆಳಗಿನ ಜಾವಕ್ಕೆ ಹೊಸಪೇಟೆ. ಇಷ್ಟು ಊರಿನ ನೀರು ಕುಡಿದ ಜೀವ ಒಂದು ಕಾಯಿಲೆಯನ್ನೂ ಅಂಟಿಸಿಕೊಳ್ಳದೆ ಬಂದಿದೆ ಎಂದು ನಂಬುವುದಕ್ಕೆ ಭಕ್ತಿ ಬೇಕು. ಅಂಗಡಿಯವನು "ಫುಲ್ ಹೆಲ್ದಿ ಸಾರ್" ಅಂದಾಗ ನಮ್ಮಲ್ಲಿ ಹುಟ್ಟುವುದು ಅದೇ. ಬಿಳಿಚುಕ್ಕೆ ರೋಗದ ಪರೋಪಜೀವಿ ಮೊದಮೊದಲು ಕಣ್ಣಿಗೇ ಬೀಳುವುದಿಲ್ಲ. ಮೀನಿನ ಚರ್ಮದಡಿ ಕೂತು ತಿಂದುಂಡು ದಪ್ಪಗಾಗಿ, ಚುಕ್ಕೆಯಾಗಿ ಕಾಣಿಸಿಕೊಂಡು, ಕಳಚಿ ತಳಕ್ಕೆ ಬಿದ್ದು, ಅಲ್ಲಿ ಒಂದು ನೂರಾರಾಗಿ ಒಡೆದು ಹೊಸ ಮೀನು ಹುಡುಕಲು ಹೊರಡುತ್ತದೆ. ಅಷ್ಟರಲ್ಲಿ ತೊಟ್ಟಿಯ ಹಳೆಯ ನಿವಾಸಿಗಳ ಕಥೆ ಮುಗಿದಿರುತ್ತದೆ. ಆದ್ದರಿಂದ ಬಂದವರನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ಕ್ಷೇಮ.

ಕ್ವಾರಂಟೈನನ್ನು 2020ರ ನಂತರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಹದಿನಾಲ್ಕು ದಿನ ಗೋಡೆ ನೋಡಿ ಬಂದವರು ಓಣಿಗೊಬ್ಬರಾದರೂ ಇದ್ದಾರೆ. ಅವರಿಗೆ ಸಿಕ್ಕ ಅನುಕೂಲಗಳೇ ಮೀನಿಗೂ: ಬರಿ ನೆಲ, ಮರೆಗೊಂದು ಪಿವಿಸಿ ಪೈಪಿನ ತುಂಡು, ಹೊತ್ತಿಗೆ ಸರಿಯಾಗಿ ಊಟ, ದೂರ ನಿಂತು ಮುಖ ನೋಡಿ ಹೋಗುವ ಒಬ್ಬ. ಮರಳು, ಗಿಡ, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ, ಯಾವುದೂ ಇಲ್ಲ. ಇವೆಲ್ಲ ರೋಗ ಅಡಗುವ ಸಂದುಗಳು. ಫಿಲ್ಟರ್ ಮಾತ್ರ ಬೇಕೇ ಬೇಕು.

ಅದಕ್ಕೆ ಸ್ಪಂಜು ಫಿಲ್ಟರೇ ಸರಿ. ಗಾಳಿ ಪಂಪಿನಿಂದ ಒಂದು ಸಣ್ಣ ಕೊಳವೆ, ಕೊಳವೆಯ ತುದಿಗೆ ಸ್ಪಂಜಿನ ನಡುವೆ ನಿಂತ ಪೈಪು. ಗುಳ್ಳೆ ಪೈಪಿನಲ್ಲಿ ಮೇಲೇಳುವಾಗ ನೀರನ್ನೂ ಜೊತೆಗೆ ಎಳೆದೊಯ್ಯುತ್ತದೆ, ಖಾಲಿಯಾದ ಜಾಗಕ್ಕೆ ಸ್ಪಂಜಿನ ಮೂಲಕ ಹೊಸ ನೀರು ಬರುತ್ತದೆ. ಅಷ್ಟೇ ಯಂತ್ರ. ಇದ್ದಿಲು ತುಂಬಿದ ದುಬಾರಿ ಫಿಲ್ಟರುಗಳೂ ಸಿಗುತ್ತವೆ, ಆದರೆ ನಾವು ಮೀನಿಗೆಂದು ಹಾಕಿದ ಔಷಧವನ್ನು ಮೊದಲು ಹೀರಿಕೊಳ್ಳುವುದು ಆ ಇದ್ದಿಲೇ. ರೋಗಿಗಿಂತ ಮೊದಲು ಗೋಡೆಗೆ ಗುಣವಾಗುತ್ತದೆ.

ಹೊಸ ಸ್ಪಂಜನ್ನು ನೀರಿಗೆ ಹಾಕಿದರೆ ಅದು ಮುಳುಗಲು ಒಪ್ಪುವುದಿಲ್ಲ. ಬುಡದಲ್ಲಿ ತೂಕದ ತಟ್ಟೆ ಇದ್ದರೂ ಒಂದು ಕಡೆಗೆ ವಾಲಿಕೊಂಡು ಮೇಲೆ ಬರುತ್ತದೆ. ನೀರೊಳಗೆ ಕೈಯಿಟ್ಟು ಹಿಂಡಬೇಕು. ಪ್ರತಿ ಹಿಂಡಿಗೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಬುಸ್ಸೆಂದು ಹೊರಬಂದು ಮುಂಗೈ ಕೂದಲಿಗೆ ಅಂಟಿಕೊಂಡು ಕೂರುತ್ತವೆ. ಹಿಂಡಿ ಬಿಟ್ಟು, ಹಿಂಡಿ ಬಿಟ್ಟು, ಬೆರಳು ಮುದುಡುವ ಹೊತ್ತಿಗೆ ಅದು ಆಯ್ತಪ್ಪಾ ಅನ್ನುವಂತೆ ತಳ ಸೇರುತ್ತದೆ. ಆಮೇಲೆ ಪಂಪು ಹಚ್ಚಿದರೆ ಗುಳುಗುಳು. ಅಂಗಡಿಯವನ ಲೆಕ್ಕದಲ್ಲಿ ಅಲ್ಲಿಗೆ ಫಿಲ್ಟರ್ ತಯಾರು. ನಿಜಕ್ಕೂ ಅಲ್ಲಿಗೆ ತಯಾರಾಗಿರುವುದು ಒಂದು ಒದ್ದೆ ಸ್ಪಂಜು.

ಫಿಲ್ಟರ್ ಅನ್ನಿಸಿಕೊಳ್ಳಬೇಕಾದ ಜೀವಿಗಳು ಅದರೊಳಗೆ ಇನ್ನೂ ಬಂದಿಲ್ಲ. ಮೀನು ಕಿವಿರುಗಳ ಮೂಲಕ ಅಮೋನಿಯಾ ಬಿಡುತ್ತಲೇ ಇರುತ್ತದೆ. ಹೊಳೆಯಲ್ಲಿ ಅದನ್ನು ಕೇಳುವವರಿಲ್ಲ, ನಾಲ್ಕು ಕೊಡ ನೀರಿನಲ್ಲಿ ಅದೇ ವಿಷ. ಅದರಲ್ಲೂ ನಮ್ಮ ಕಡೆಯ ಬೋರಿನ ಗಡಸು ನೀರು, ಮೇಲೆ ನಮ್ಮ ಬಿಸಿಲು. ನೀರಿನ ಪಿಎಚ್ ಏರಿದಷ್ಟೂ, ಬಿಸಿ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಈ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುವ ಒಂದು ಪಂಗಡ, ಅದೂ ವಿಷವೇ ಆದ್ದರಿಂದ ಅದನ್ನು ತಿಂದು ನೈಟ್ರೇಟ್ ಮಾಡುವ ಇನ್ನೊಂದು ಪಂಗಡ, ಇಷ್ಟೂ ಜನ ಸ್ಪಂಜಿನ ರಂಧ್ರಗಳಲ್ಲಿ ನೆಲೆಸಬೇಕು. ನೈಟ್ರೇಟ್ ಸಾಧು, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಹೋಗುತ್ತದೆ. ಹೀಗೂ ಬದುಕುವ ಜೀವಿಗಳಿವೆ ಎಂದು 1890ರ ಸುಮಾರಿಗೆ ತೋರಿಸಿಕೊಟ್ಟವನು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ. ಮೀನು ತೊಟ್ಟಿಯಲ್ಲಿ ಎರಡನೆಯ ಪಾಳಿ ಮಾಡುವವನು ನೈಟ್ರೋಬ್ಯಾಕ್ಟರ್ ಎಂದು ಎಲ್ಲರೂ ಬಹುಕಾಲ ನಂಬಿದ್ದರು. 1998ರಲ್ಲಿ ನೋಡಿದರೆ ಅಲ್ಲಿ ದುಡಿಯುತ್ತಿದ್ದವನು ನೈಟ್ರೋಸ್ಪೈರ. 2015ರಲ್ಲಿ ಇನ್ನೊಂದು ಸುದ್ದಿ: ಇದೇ ನೈಟ್ರೋಸ್ಪೈರ ಮನೆತನದ ಕೆಲವರು ಎರಡೂ ಪಾಳಿಯನ್ನು ಒಬ್ಬರೇ ಮಾಡಿ ಮುಗಿಸುತ್ತಾರೆ. ಅದು ಗೊತ್ತಾದದ್ದೂ ಮೀನು ಸಾಕಣೆಯ ಫಿಲ್ಟರೊಂದರ ಕೊಳೆಯಲ್ಲೇ. ಹೆಸರು ಒಬ್ಬನಿಗೆ, ದುಡಿಮೆ ಇನ್ನೊಬ್ಬನದು ಅನ್ನುವುದು ಸ್ಪಂಜಿನೊಳಗೂ ಇದೆ ಎಂದು ತಿಳಿದು ನನಗೆ ಒಂದು ರೀತಿಯ ಸಮಾಧಾನವಾಯಿತು.

ಇದನ್ನೆಲ್ಲ ನಾನು ಮನೆಯಲ್ಲಿ ಉತ್ಸಾಹದಿಂದ ವಿವರಿಸಿದೆ. ನಮ್ಮಲ್ಲಿ ಮೀನಿರುವ ಹಳೆಯ ತೊಟ್ಟಿಯ ಸ್ಪಂಜಿನಲ್ಲಿ ಇವರೆಲ್ಲ ಈಗಾಗಲೇ ಇದ್ದಾರೆ, ಹೊಸ ಸ್ಪಂಜನ್ನು ಕೆಲವು ವಾರ ಅದರ ಪಕ್ಕದಲ್ಲಿಟ್ಟರೆ ಇದಕ್ಕೂ ಬರುತ್ತಾರೆ, ಆಮೇಲೆ ಇದನ್ನು ಎತ್ತಿ ಕ್ವಾರಂಟೈನ್ ತೊಟ್ಟಿಗೆ ಇಟ್ಟರಾಯಿತು ಎಂದೆ. ಮನೆಯಾಕೆ ಮೆಣಸಿನಕಾಯಿ ಸೀಳುತ್ತ ಪೂರ್ತಿ ಕೇಳಿ, "ಹೆಪ್ಪು ಹಾಕೋದು ಅನ್ರಿ. ಅದಕ್ಕ ರಷ್ಯಾತನಕ ಯಾಕ ಹೋದ್ರಿ?" ಅಂದಳು.

ಮಾತು ನೂರಕ್ಕೆ ನೂರು ಸರಿ. ವ್ಯತ್ಯಾಸ ಒಂದೇ. ಹೊಸಪೇಟೆಯ ಏಪ್ರಿಲ್‌ನಲ್ಲಿ ಹೆಪ್ಪು ಹಾಕಿದ ಹಾಲು ನಾವು ಒಂದು ನಿದ್ದೆ ಮುಗಿಸುವಷ್ಟರಲ್ಲಿ ಮೊಸರಾಗಿ, ಎರಡನೆಯ ನಿದ್ದೆಗೆ ಹುಳಿಯಾಗಿರುತ್ತದೆ. ಸ್ಪಂಜಿನ ಜನಕ್ಕೆ ಆ ಅವಸರವಿಲ್ಲ. ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡರಷ್ಟಾದರೆ ಇವರಿಗೆ ಅರ್ಧ ದಿನವೋ, ಒಂದು ದಿನವೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಬೇಕು. ಹೆಪ್ಪಿಲ್ಲದೆ ಬರಿ ತೊಟ್ಟಿಯಲ್ಲಿ ಬೆಳೆಸುತ್ತೇನೆ ಅಂದರೆ ನಾಲ್ಕರಿಂದ ಆರು ವಾರ. ಹಾಗಾಗಿಯೇ "ಬಂದಮ್ಯಾಲೆ ಹಚ್ಚಿದ್ರ" ಆಗುವುದಿಲ್ಲ. ಮೀನು ಬಂದ ದಿನ ಅಂಗಡಿಯಿಂದ ತಂದ ಹೊಸ ಫಿಲ್ಟರ್ ಗುಳ್ಳೆ ಬಿಡುತ್ತದೆ, ಅದರಾಚೆಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ.

ಹೊಸ ಸ್ಪಂಜು ಹಳೆಯ ತೊಟ್ಟಿ ಸೇರಿತು. ಅಲ್ಲಿನ ಗಪ್ಪಿ, ಮಾಲಿಗಳು ಮೊದಲು ಸಂಶಯದಿಂದ ಸುತ್ತುಹಾಕಿ, ಆಮೇಲೆ ಅದನ್ನು ಕುಕ್ಕಿ ತಿನ್ನುವ ಜಾಗ ಮಾಡಿಕೊಂಡವು. ಕಪ್ಪು ಸ್ಪಂಜು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಒಂದು ಮೂಲೆಯನ್ನು ಮೆಲ್ಲಗೆ ಹಿಂಡಿದರೆ ಕಂದು ಮೋಡವೊಂದು ಬಿಚ್ಚಿಕೊಳ್ಳುತ್ತಿತ್ತು. ವಾಸನೆ ಹಸಿಮಣ್ಣಿನದು. ಕೊಳೆತ ವಾಸನೆ ಬಂದರೆ ಒಳಗಿನವರು ಸತ್ತಿದ್ದಾರೆಂದು ಅರ್ಥ, ಮಣ್ಣಿನ ವಾಸನೆ ಬಂದರೆ ಸಂಸಾರ ಚೆನ್ನಾಗಿದೆ. ನಾನು ಆಗಾಗ ಮೂಸುತ್ತಿದ್ದುದು ಅದಕ್ಕೇ. ಮನೆಗೆ ಬಂದವರು ಬೇರೆ ಏನೋ ಅಂದುಕೊಂಡರೆ ನಾನು ಜವಾಬ್ದಾರನಲ್ಲ.

ಇಂಥ ಸ್ಪಂಜಿಗೆ ಮನೆಯೊಳಗಿನ ದೊಡ್ಡ ಅಪಾಯವೆಂದರೆ ಸ್ವಚ್ಛತೆ. ಹಬ್ಬ ಹತ್ತಿರವಾದಾಗ ಊರಿಂದ ಬಂದ ನೆಂಟರಲ್ಲಿ ಕೈ ಸುಮ್ಮನಿರದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. "ಎಷ್ಟು ಕೊಳಕಾಗೇತಿ ನೋಡು" ಎಂದು ಅವರು ಬಕೆಟ್ಟಿಗೆ ಸೋಪಿನಪುಡಿ ಸುರಿದರೆ ವಾರಗಳ ಸಾಧನೆ ಒಂದು ಜಾಲಿಗೆ ಹೋಯಿತು. ಸೋಪು ಬೇಡ, ಬರಿ ನಲ್ಲಿ ನೀರೂ ಸಾಕು. ನೀರಿಗೆ ಹಾಕುವ ಬ್ಲೀಚಿಂಗ್ ಪೌಡರ್ ನಮ್ಮ ಹೊಟ್ಟೆಯ ಹಿತಕ್ಕೆ ಇರುವುದು, ಒಳ್ಳೆಯ ಬ್ಯಾಕ್ಟೀರಿಯಾ ಕೆಟ್ಟ ಬ್ಯಾಕ್ಟೀರಿಯಾ ಎಂದು ಅದು ಪಂಕ್ತಿಭೇದ ಮಾಡುವುದಿಲ್ಲ. ತೊಳೆಯಲೇಬೇಕಾದರೆ ತೊಟ್ಟಿಯದೇ ನೀರು ತೆಗೆದು ಅದರಲ್ಲಿ ಅದ್ದಿ ಹಿಂಡಬೇಕು. ತೊಟ್ಟಿಗೆ ಹಾಕುವ ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಬಾಯ್ದೆರೆದು ಇಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಗಾಜಿನ ಮೇಲೆ "ಈ ಕೊಳೆಯನ್ನು ದಯವಿಟ್ಟು ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದೆ. ಮನೆಯಾಕೆ ಅದನ್ನು ಓದಿ, ಬಂದವರೆದುರಿಗೆ ನನ್ನ ಪುಸ್ತಕದ ಕಪಾಟಿಗೂ ಅಂಥದೇ ಒಂದು ಚೀಟಿ ಬೇಕೆಂದಳು.

ಸಂಡೂರಿನಲ್ಲಿರುವ ನನ್ನ ಭಾವಮೈದುನನೂ ಮೀನು ಸಾಕುತ್ತಾನೆ. ಅವನ ಪಂಪಿನ ಹೊಟ್ಟೆಯಡಿ ಗಾಳಿ ಒಳಹೋಗುವ ಕಡೆ ಒಂದು ಸಣ್ಣ ಬಿಳಿ ಉಣ್ಣೆಯ ಬಿಲ್ಲೆ ಇರುತ್ತದೆ. ಬಹಳಷ್ಟು ಪಂಪುಗಳಲ್ಲಿ ಇರುತ್ತದೆ, ಯಾರೂ ನೋಡುವುದಿಲ್ಲ. ಅವನು ಒಮ್ಮೆ ಬಿಚ್ಚಿ ತೋರಿಸಿದ: ಕುಂಕುಮ ಭರಣಿಯಿಂದ ಎತ್ತಿ ಇಟ್ಟಷ್ಟು ಕೆಂಪು. ಅದಿರಿನ ಊರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ವರ್ಷಗಳಲ್ಲಿ ಆ ರಸ್ತೆಯಲ್ಲಿ ಹೋಗಿ ಬಂದವರ ಬಿಳಿ ಅಂಗಿ ಮತ್ತೆ ಬಿಳಿಯಾದದ್ದಿಲ್ಲ. ಈಗ ಲಾರಿಗಳ ಸಾಲು ಅಷ್ಟಿಲ್ಲ, ಮಳೆಗಾಲದಲ್ಲಿ ಆ ಬೆಟ್ಟಗಳ ಹಸಿರು ನೋಡಿದರೆ ಕೆಂಪನ್ನು ಮರೆತೇಬಿಡಬೇಕು. ಮರೆಯದೆ ಲೆಕ್ಕ ಇಟ್ಟುಕೊಂಡಿರುವುದು ಈ ಬಿಲ್ಲೆ. "ಫಿಲ್ಟರಿಗೊಂದು ಫಿಲ್ಟರ್, ಅದಕ್ಕೊಂದು ಫಿಲ್ಟರ್" ಎಂದು ಅವನು ನಿಟ್ಟುಸಿರು ಬಿಟ್ಟ, ಅದೂ ಸ್ವಲ್ಪ ಕೆಂಪಾಗಿಯೇ ಇತ್ತೆಂದು ನನ್ನ ಅನುಮಾನ.

ಕರೆಂಟಿನದು ಇನ್ನೊಂದು ಕಥೆ. ತುಂಗಭದ್ರಾ ಡ್ಯಾಮಿನ ಬುಡದಲ್ಲೇ ಪವರ್ ಹೌಸ್ ಇರುವ ಊರು ನಮ್ಮದು, ಆದರೆ ಕರೆಂಟು ಹುಟ್ಟಿದ ಊರಲ್ಲೇ ನಿಲ್ಲಬೇಕೆಂದು ಯಾರೂ ಶಾಸನ ಹಾಕಿಲ್ಲ. ಪಂಪು ನಿಂತರೆ ಸ್ಪಂಜಿನವರಿಗೆ ಉಸಿರು ಕಟ್ಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಪುಸ್ತಕಗಳಲ್ಲಿ ತೊಟ್ಟಿಗೆ ಹೀಟರ್ ಹಾಕಿ ಎಂದು ಬರೆದಿರುತ್ತಾರೆ. ಆ ಪುಟ ಬಂದಾಗ ಹೊಸಪೇಟೆಯವರು ನಕ್ಕು ಮುಂದಕ್ಕೆ ಹೋಗಬೇಕು.

ಕರೆಂಟು ಹೋದಾಗ ಮತ್ತೊಂದು ಭಯ: ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಸೇರಬಹುದು. ಅದಕ್ಕೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ವಾಲ್ವ್ ಒಂದನ್ನು ನಡುವೆ ಸಿಕ್ಕಿಸಬೇಕು, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವಂಥದು. ಇದು ನಮ್ಮ ಓವರ್‌ಸಿಯರಿಗೆ ಕೂಡಲೇ ಅರ್ಥವಾಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಗಿ, ವಾರದ ಹೊತ್ತಿಗೆ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದರಲ್ಲ, ಅಂದಿನಿಂದ ನಮ್ಮೂರಲ್ಲಿ ಚಹಾದಂಗಡಿಯ ಹುಡುಗನೂ ಗೇಟಿನ ತಜ್ಞ. ಓವರ್‌ಸಿಯರ್ ಅಂತೂ ಅದಕ್ಕೂ ಮೊದಲಿನ ತಜ್ಞರು. ವಾಲ್ವನ್ನು ಕನ್ನಡಕದ ಹತ್ತಿರ ಹಿಡಿದು, ಬಾಣದ ಗುರುತು ನೋಡಿ, ನಂಬದೆ, ಬಾಯಿಗಿಟ್ಟು ಎರಡೂ ಕಡೆಯಿಂದ ಊದಿದರು. "ಈ ಕಡೆ ಹೋಗ್ತದ, ಆ ಕಡೆ ಹೋಗಂಗಿಲ್ಲ. ಪಾಸ್." ಸಹಿ ಹಾಕಲು ರಿಜಿಸ್ಟರ್ ಇರಲಿಲ್ಲವೆಂಬುದಷ್ಟೇ ಕೊರತೆ.

ಪಂಪು, ವಾಲ್ವು, ಸ್ಪಂಜು ಬಂದ ಡಬ್ಬಿಯಲ್ಲಿ ಜೋಡಿಸುವುದು ಹೇಗೆಂಬ ಒಂದು ಸಾಲೂ ಇರಲಿಲ್ಲ. ನಗುವ ಒಂದು ಮೀನಿನ ಚಿತ್ರವಿತ್ತು. ಆ ವಾರವೇ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋದೆ. ಹೊಸಪೇಟೆಯಲ್ಲಿ ಮನೆ ಮಾಡಿದವನು ಕಟ್ಟಲೇಬೇಕಾದ ಸುಂಕ ಅದು. ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಎಷ್ಟನೆಯ ಸಾಲು ಎಂದು ಗುರುತು ಕೆತ್ತಿದ್ದಾರೆ, ಕನ್ನಡ ಅಕ್ಷರದಲ್ಲಿ. ಬಿಡಿಭಾಗಗಳನ್ನು ಎಲ್ಲೋ ತಯಾರಿಸಿ ತಂದು ಇಲ್ಲಿ ಜೋಡಿಸಿದ ಕೆಲಸ. ಇಡೀ ಪುಷ್ಕರಣಿಗೆ ಕನ್ನಡದಲ್ಲಿ ಜೋಡಣೆಯ ಸೂಚನೆ ಸಿಕ್ಕ ನಾಡಿನಲ್ಲಿ ಐನೂರು ವರ್ಷದ ಮೇಲೆ ನಾನು ಮೀನಿನ ನಗು ನೋಡಿಕೊಂಡು ಪೈಪು ಸಿಕ್ಕಿಸಬೇಕಾಯಿತು. ನೆಂಟರು ಮಹಾನವಮಿ ದಿಬ್ಬದ ಮುಂದೆ ಸೆಲ್ಫಿ ತೆಗೆದುಕೊಳ್ಳುವಾಗ ನಾನು ಕಂಬಗಳ ಮೇಲೆ ಸಾಗುವ ಕಲ್ಲುದೋಣಿಯ ಇಳಿಜಾರು ನೋಡುತ್ತಿದ್ದೆ. ಪಂಪಿಲ್ಲ, ಕರೆಂಟಿಲ್ಲ. ಆ ಕಾಲದ ತುರ್ತು ಕಾಲುವೆ ಇವತ್ತಿಗೂ ಬಾಳೆ ತೋಟಕ್ಕೆ ನೀರುಣಿಸುತ್ತಿದೆ.

ಗುಡಿಯ ಕಂಬದ ಮೇಲೆ ಮತ್ಸ್ಯಾವತಾರ ಕಂಡಾಗ ನನಗೆ ಮನು ನೆನಪಾದ. ಹೊರಗಿನಿಂದ ಬಂದ ಮೀನನ್ನು ಬೇರೆ ಪಾತ್ರೆಯಲ್ಲಿಟ್ಟು ನೋಡಿಕೊಂಡ ಮೊದಲಿಗ ಅವನೇ ಇರಬೇಕು. ಫಿಲ್ಟರ್ ಇದ್ದ ಉಲ್ಲೇಖವಿಲ್ಲ, ಆದರೆ ಮೀನು ಬೆಳೆದಂತೆಲ್ಲ ಕೊಡದಿಂದ ಹೊಂಡಕ್ಕೆ, ಹೊಂಡದಿಂದ ಸಮುದ್ರಕ್ಕೆ ಸಾಗಿಸುತ್ತ ಹೋದ. ಫಿಲ್ಟರ್ ಇಲ್ಲದವನಿಗೆ ಅದೊಂದೇ ದಾರಿ.

ಸ್ಪಂಜು ಹದಕ್ಕೆ ಬಂತು, ಅದನ್ನು ಖಾಲಿ ತೊಟ್ಟಿಗೆ ಸಾಗಿಸಿದೆ, ಮೀನು ಬರಲಿಲ್ಲ. "ನಾಳೆ ಲೋಡ್ ಬರ್ತದ ಸಾರ್." ನಾಳೆ ಹಾಗೇ ಮುಂದಕ್ಕೆ ಹೋಗುತ್ತಿತ್ತು. ಸ್ಪಂಜಿನವರಿಗೆ ತಿನ್ನಲು ಅಮೋನಿಯಾ ಬೇಕಲ್ಲ? ಮೀನಿಲ್ಲದಿದ್ದರೆ ಮೀನಿನ ಊಟವನ್ನೇ ಒಂದು ಚಿಟಿಕೆ ಹಾಕಬೇಕು, ಅದು ಕೊಳೆತು ಅಮೋನಿಯಾ ಆಗುತ್ತದೆ. ಬೆಳಗ್ಗೆ ಒಂದು ಚಿಟಿಕೆ ಉದುರಿಸಿ, ಮರುದಿನ ಗಾಜಿನ ಕೊಳವೆಯಲ್ಲಿ ಹನಿ ಬಿಟ್ಟು ಬಣ್ಣ ನೋಡುವುದು: ಹಳದಿ ನಿಂತರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ. ಹಳದಿ ನಿಂತಿತು. ನನ್ನ ಸಂತೋಷದಲ್ಲಿ ಪಾಲ್ಗೊಳ್ಳಲು ಸುತ್ತ ನೋಡಿದರೆ ಕಿಟಕಿಯಲ್ಲಿ ಓವರ್‌ಸಿಯರ್. ಮೀನಿಲ್ಲದ ತೊಟ್ಟಿಗೆ ನಾನು ಊಟ ಹಾಕಿದ್ದನ್ನು ಅವರು ಪೂರ್ತಿ ನೋಡಿದ್ದರು. ಏನೂ ಕೇಳಲಿಲ್ಲ. ಸಂಜೆ ಅವರ ಮನೆಯಿಂದ ನಮ್ಮ ಮನೆಗೆ ಒಗ್ಗರಣೆ-ಮಿರ್ಚಿ ಬಂತು, ಜೊತೆಗೆ "ಅಣ್ಣಾರು ಆರಾಮದಾರಲ್ಲ?" ಎಂಬ ವಿಚಾರಣೆಯೂ.

ಕಡೆಗೆ ಸ್ವೋರ್ಡ್‌ಟೇಲ್‌ಗಳು ಬಂದವು, ನಮ್ಮ ಗಡಸು ನೀರಿಗೆ ಒಗ್ಗುವ ಜಾತಿ. ಆರೋಗ್ಯವಾಗಿಯೇ ಇದ್ದವು, ಔಷಧದ ಬಾಟಲಿ ತೆರೆಯುವ ಪ್ರಸಂಗ ಬರಲಿಲ್ಲ. ಬಂದಿದ್ದರೆ ಸ್ಪಂಜಿನ ಗತಿ ಬೇರೆಯಾಗುತ್ತಿತ್ತು. ಕೆಲವು ಔಷಧ ಸ್ಪಂಜಿನವರನ್ನೂ ಕೊಲ್ಲುತ್ತವೆ, ಮೆಥಿಲೀನ್ ಬ್ಲೂ ಅಂತೂ ಸ್ಪಂಜು, ಬಕೆಟ್ಟು, ಕೈ, ಬನಿಯನ್ ಎಲ್ಲವನ್ನೂ ನೀಲಿ ಮಾಡುತ್ತದೆ. ರೋಗಿಗಳ ಸೇವೆ ಮಾಡಿದ ಸ್ಪಂಜನ್ನು ಮತ್ತೆ ಹಳೆಯ ತೊಟ್ಟಿಗೆ ಸೇರಿಸುವಂತಿಲ್ಲ, ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಬೇಕು. ಆ ಒಂದು ಸೌಕರ್ಯಕ್ಕೆ ಮಾತ್ರ ನಮ್ಮೂರಲ್ಲಿ ಯಾವ ಅಡಚಣೆಯೂ ಇಲ್ಲ.

ಹೊರಚೆಲ್ಲುವ ನೀರು ಕುಂಡದ ದಾಸವಾಳಕ್ಕೆ, ಕಾಲುವೆಗೆ ಖಂಡಿತ ಅಲ್ಲ. ಇಲ್ಲಿ ನಾನು ತಮಾಷೆ ಬಿಡುತ್ತೇನೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ದೇಶದಲ್ಲೇ ಅಂಥದು ಮೊದಲನೆಯದು. ಬೇಸರವಾಯಿತೆಂದು ತೊಟ್ಟಿಯ ಸಕ್ಕರ್ ಮೀನನ್ನು "ಪಾಪ, ಬದುಕಿಕೊಳ್ಳಲಿ" ಎಂದು ಹೊಳೆಗೆ ಬಿಡುವವರಿದ್ದಾರೆ. ಅದು ಬದುಕಿಕೊಳ್ಳುತ್ತದೆ. ಉಳಿದವಕ್ಕೆ ಕಷ್ಟ.

ಕಂಪ್ಲಿಯ ಗೆಳೆಯನಿಗೆ ಈ ಸುದ್ದಿ ಹೇಗೋ ತಲುಪಿ, "ನನಗೂ ಒಂದಿಷ್ಟು ಹೆಪ್ಪು ಕೊಡು" ಎಂದು ಫೋನ್ ಮಾಡಿದ. ಜೊತೆಗೇ, "ನಿನ್ನ ತೊಟ್ಟ್ಯಾಗ ರೋಗ ಗೀಗ ಏನಿಲ್ಲಲ್ಲ?" ಎಂದೂ ಕೇಳಿದ. ಕೇಳಿದ್ದು ಸರಿಯೇ. ಹೆಪ್ಪಿನ ಜೊತೆ ಕೊಟ್ಟವರ ಮನೆಯ ಕಾಯಿಲೆಯೂ ಹೋಗುತ್ತದೆ. ಆದರೂ ವಾರಗಟ್ಟಲೆ ಕೊಳೆ ಕಾದವನಿಗೆ ಕೊಳೆಯ ಚಾರಿತ್ರ್ಯದ ಬಗ್ಗೆ ಕೇಳಿದರೆ ಚುರ್ ಅನ್ನದೆ ಇರುತ್ತದೆಯೇ? ಸ್ಪಂಜಿನಲ್ಲಿ ಅರ್ಧ ಕತ್ತರಿಸಿ, ತೊಟ್ಟಿಯ ನೀರು ತಳಕ್ಕೆ ಹಾಕಿ, ಉಸಿರಾಡಲಿ ಎಂದು ಮುಚ್ಚಳ ಸಡಿಲ ಬಿಟ್ಟು, ಟಿಫಿನ್ ಡಬ್ಬಿಯಲ್ಲಿ ಇಟ್ಟುಕೊಂಡು ನಾನೇ ಕಂಪ್ಲಿ ಬಸ್ಸು ಹತ್ತಿದೆ. ಕಮಲಾಪುರ ದಾಟಿ ರಸ್ತೆಯ ಗುಂಡಿಯೊಂದರಲ್ಲಿ ಬಸ್ಸು ಕುಣಿದಾಗ ಡಬ್ಬಿಯಿಂದ ಕಂದು ನೀರು ತುಳುಕಿ ಕಂಡಕ್ಟರ್ ಚಪ್ಪಲಿಯ ಮೇಲೆ ಬಿತ್ತು.

"ಏನ್ರೀ ಅದು?"

"ಸ್ಪಂಜು."

"ತೊಳಕೊಂಡು ಬರಬಾರದೇನ್ರೀ?"

ನಾನು ಅಮೋನಿಯಾದಿಂದ ಶುರುಮಾಡಿದೆ. ರಾಮಸಾಗರ ಬರುವ ಹೊತ್ತಿಗೆ ನೈಟ್ರೇಟ್ ಮುಗಿಸಿ, ಇದು ಕೊಳೆಯಲ್ಲ, ಇದರೊಳಗೆ ಕೋಟಿಗಟ್ಟಲೆ ಜೀವಿಗಳು ದುಡಿಯುತ್ತಿವೆ, ಹೊಸ ಊರಿಗೆ ಕೆಲಸಕ್ಕೆ ಹೊರಟಿವೆ ಎಂದು ಮುಕ್ತಾಯ ಮಾಡಿದೆ. ಆತ ಒಂದು ಕಂಬಿ ಹಿಡಿದು ನಿಂತು ತಾಳ್ಮೆಯಿಂದ ಎಲ್ಲ ಕೇಳಿ, ಡಬ್ಬಿಯೊಳಗೆ ಇಣುಕಿ, ಟಿಕೆಟ್ ಮಷೀನು ಮೇಲೆತ್ತಿದ.

"ಕೋಟಿಗಟ್ಟಲೆ ಅದಾವು ಅಂತೀರಿ. ಹಂಗಾರ ಟಿಕೆಟ್ ಎಷ್ಟು ಹರೀಲ್ರೀ?"